ಬಣವಿ ಹಿಂದಿನ ಶಕ್ತಿಮಾನ್

ನಿಡಸೋಸಿ ಕಡೆ ಯಾವ ಹಳೆ ಗಾಡಿ ಕಂಡರೂ ಮೊದಲ ಪ್ರಶ್ನೆ, 'ಕಬ್ಬು ಎಷ್ಟು ಟನ್ ಹೊರತೈತಿ?' ಬಣವಿ ಹಿಂದೆ ತುಕ್ಕು ಹಿಡಿದ ಮಿಲಿಟರಿ ಟ್ರಕ್ಕಿಗೂ ಅದೇ. ಕಟ್ಟೆ ಮೇಲಿನ ಒಬ್ಬರು ಅದನ್ನು ಎರಡನೇ ಮಹಾಯುದ್ಧದ್ದೆಂದರು, ಇನ್ನೊಬ್ಬರು ಕಾರ್ಗಿಲ್‌ದೆಂದರು. ಯಾವ ಯುದ್ಧವೆಂದು ತೀರ್ಮಾನವಾಗುವ ಮೊದಲೇ ಚಹಾ ಮುಗಿಯಿತು.

ಗುರುತು ಹಿಡಿಯುವುದೇನೂ ಬ್ರಹ್ಮವಿದ್ಯೆಯಲ್ಲ. ಸೇನೆಯ ನಂಬರಿನಲ್ಲಿ ಮೇಲ್ಮುಖ ಬಾಣವಿರುತ್ತದೆ. ಪಕ್ಕದ ಎರಡಂಕಿ ಗಾಡಿ ಸೇನೆಗೆ ಬಂದ ವರ್ಷ. ಬಂಪರಿನ ಬಣ್ಣ ಕೆರೆದರೆ 74! ಮೂತಿ ನೋಡಿದರೆ ಶಕ್ತಿಮಾನ್: ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ ಜಬಲಪುರದಲ್ಲಿ ತಯಾರಾದದ್ದು. ಎರಡೂ ಯುದ್ಧಗಳು ಸೋತವು.

'ರಿಪೇರಿ ಮಾಡ್ಸೂಣೇನ್ರಿ ಕಾಕಾ?'

'ಮಾಡ್ಸು ತಮ್ಮಾ. ಇದರ ಡೀಸೆಲ್ಲಿಗೇ ಬ್ಯಾರೆ ಎರಡೆಕರೆ ಕಬ್ಬು ಹಚ್ಚು!'

ವಿಂಟೇಜ್ ಎಂದು ನೋಂದಾಯಿಸೋಣವೆಂದರೆ, 2021ರ ಆ ನಿಯಮ 50 ವರ್ಷ ದಾಟಿದ ಬೈಕು, ಕಾರುಗಳಿಗೆ. ಟ್ರಕ್ಕಿಗೆ ಆ ಭಾಗ್ಯವಿಲ್ಲ. ಓಡಿಸುವ ಆಸೆ ಬಿಡಿ, ಬಣ್ಣ ಬಳಿದು ಅಂಗಳದಲ್ಲಿ ನಿಲ್ಲಿಸಿ ಎಂಬುದು ನನ್ನ ತೀರ್ಪು. ಕೋಳಿಗಳು ಆಗಲೇ ಕ್ಯಾಬಿನ್ ಹಿಡಿದಿವೆ, ಅದು ಬೇರೆ ಮಾತು.

ನಿಮ್ಮ ಹಿತ್ತಲಲ್ಲೂ ಇಂಥದ್ದಿದ್ದರೆ, ಪಾನಾ ಹಿಡಿಯುವ ಮೊದಲು ಅದನ್ನು ಸೇನೆಯಿಂದ ಕೊಂಡ ಹರಾಜಿನ ಕಾಗದ ಹುಡುಕಿರಿ.