ಕಲ್ಲು ಮಾಸ್ತರ

ಬೇವೂರಿನ ಕಲ್ಲು ಮಾಸ್ತರರ ಬೈಕು ನಿಂತಾಗಲೂ ಓಡುವಾಗಲೂ ಎಡಕ್ಕೇ ವಾಲಿರುತ್ತದೆ. ಬಲಗಡೆಯ ಚೀಲದಲ್ಲಿ ಇರುವುದು ರೊಟ್ಟಿಗಂಟು, ಸುತ್ತಿಗೆ, ಹಳೇ ಪೇಪರು. ಎಡಗಡೆಯದರಲ್ಲಿ ಬರೀ ಕಲ್ಲು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಪಿಂಚಣಿ ಶುರುವಾದ ಮೇಲೆ ಇವರ ವಾರಿಗೆಯವರು ಕೆಲವರು ಪ್ಲಾಟು ಹಿಡಿದರು, ಕೆಲವರು ಪ್ರವಚನ ಹಿಡಿದರು, ಇವರು ಕ್ವಾರಿ ಹಿಡಿದರು. ಲೀಸಿಗಲ್ಲ ಮತ್ತೆ! ಕ್ವಾರಿಯವರು ಬೇಡವೆಂದು ಒಗೆದ ಚೂರುಗಳ ಗುಡ್ಡೆಯ ಮೇಲೆ ಉರಿಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಚೂರನ್ನು ಎತ್ತಿ ಭೂತಗನ್ನಡಿಯಲ್ಲಿ ನೋಡುತ್ತಾರೆ. ಖಡಿ ಮಷೀನಿನ ಹುಡುಗರು ಮೊದಮೊದಲು ಗಣಿ ಇಲಾಖೆಯ ಸಾಹೇಬರಿರಬೇಕೆಂದು ಚಹಾ ತರಿಸುತ್ತಿದ್ದರಂತೆ. ಈಗ ಮಾಸ್ತರರೇ ತರಿಸಬೇಕು.

ಇಂಥವರು ನಮ್ಮ ಕಡೆ ತಾಲ್ಲೂಕಿಗೊಬ್ಬರಾದರೂ ಸಿಗುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಮನೆಗೆ ಬಂದರೆ ನಿಮ್ಮ ಮುಖ ನೋಡುವುದಿಲ್ಲ, ನೆಲ ನೋಡುತ್ತಾರೆ. ಬಲಗೈ ಹೆಬ್ಬೆರಳಿನ ಉಗುರೊಂದನ್ನು ಉದ್ದ ಬಿಟ್ಟಿರುತ್ತಾರೆ. ಅದು ಶೋಕಿಯಲ್ಲ, ಉಪಕರಣ. 1812ರಲ್ಲಿ ಫ್ರೆಡ್ರಿಕ್ ಮೋಸ್ ಎಂಬ ಜರ್ಮನ್ ಪಂಡಿತ ಖನಿಜಗಳ ಗಡಸುತನಕ್ಕೆ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟ. ಮೆತ್ತನೆಯ ಬಳಪದ ಖನಿಜಕ್ಕೆ ಒಂದು, ವಜ್ರಕ್ಕೆ ಹತ್ತು. ಆ ಲೆಕ್ಕದಲ್ಲಿ ಉಗುರು ಎರಡೂವರೆ, ಚಾಕು ಸುಮಾರು ಐದೂವರೆ, ಬೆಣಚುಕಲ್ಲು ಏಳು. ಚಾಕು ಮರೆತು ಬಂದ ದಿನ ಮಾಸ್ತರರು ಮನೆಯ ಈಳಿಗಿಯಲ್ಲೇ ಬೆಣಚುಕಲ್ಲನ್ನು ಗೀರಿ ನೋಡುತ್ತಾರೆ. ಕಲ್ಲಿಗೆ ಏನೂ ಆಗುವುದಿಲ್ಲ. ಸಂಜೆ ಬದನೆಕಾಯಿ ಹೆಚ್ಚಲು ಕೂತ ಮಾಸ್ತರರ ಹೆಂಡತಿ ಅಕ್ಕಾವರು ಮಾತ್ರ ಮೋಸ್ ಸಾಹೇಬನ ಹಿಂದಿನ ಏಳು ತಲೆಮಾರನ್ನು ನೆನೆಯುತ್ತಾರೆ.

ಇಟಗಿಯ ಮಹಾದೇವ ದೇವಸ್ಥಾನಕ್ಕೆ ಹೋದಾಗ ಮಾಸ್ತರರು ಎರಡೂ ಕೈ ಬೆನ್ನಹಿಂದೆ ಕಟ್ಟಿಕೊಂಡು ನಡೆಯುವುದನ್ನು ಜನ ಭಕ್ತಿಯೆಂದು ತಿಳಿದಿದ್ದಾರೆ. ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಆ ಗುಡಿ ಬಳಪದ ಕಲ್ಲಿನದು. ಉಗುರಿಗೆ ಅಷ್ಟು ಸಮೀಪದಲ್ಲಿ ಅಂಥ ಕಲ್ಲು! ಕೈ ಕಟ್ಟದೆ ವಿಧಿಯಿಲ್ಲ.

ಸಂಗ್ರಹಕ್ಕೆ ಮಾಸ್ತರರಿಗೆ ಗಣಿಯೇ ಆಗಬೇಕೆಂದಿಲ್ಲ. ಗಿಣಗೇರಿಯ ಕಾರ್ಖಾನೆಗಳ ಕಡೆ ಅದಿರು ತುಂಬಿ ಓಡುವ ಲಾರಿಗಳ ಹಿಂದೆ ಹೋದರೂ ಸಾಕು, ರಸ್ತೆಯ ಹಂಪ್‌ಗೊಂದು ಚೂರು ಉದುರುತ್ತದೆ. ಕರ್ರಗೆ ಉಕ್ಕಿನ ಹೊಳಪಿನ ಆ ಚೂರನ್ನು ಬಚ್ಚಲ ಟೈಲ್ಸಿನ ಬೆನ್ನಮೇಲೆ ಎಳೆಯುತ್ತಾರೆ. ಕರೀ ಕಲ್ಲು, ಬೀಳುವ ಗೆರೆ ಮಾತ್ರ ಕೆಮ್ಮಣ್ಣಿನ ಬಣ್ಣದ್ದು. "ನೋಡ್ರಿ, ಹೆಮಟೈಟು! ಮೈಬಣ್ಣ ಸುಳ್ಳು ಹೇಳತೈತಿ, ಗೆರಿ ಹೇಳಂಗಿಲ್ಲ" ಎನ್ನುವಾಗ ಅವರ ಮುಖ ನೋಡಬೇಕು. ಹೊಸಪೇಟೆ-ಸಂಡೂರಿನ ಮಂದಿ ಇದೇ ಹೆಮಟೈಟನ್ನು ಟನ್ನುಗಟ್ಟಲೆ ತೂಗಿ ಹೆಲಿಕಾಪ್ಟರು ಹತ್ತಿದ ಕಾಲದಲ್ಲಿ ಮಾಸ್ತರರು ಗ್ರಾಂ ಲೆಕ್ಕದಲ್ಲಿ ತೂಗಿ ಚಪ್ಪಲಿ ಡಬ್ಬಿಗೆ ಹಾಕುತ್ತಿದ್ದರು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದಾಗಲೂ ಇವರ ವ್ಯವಹಾರಕ್ಕೆ ಧಕ್ಕೆಯಾಗಲಿಲ್ಲ. ಧಕ್ಕೆಯಾದದ್ದು ಮನೆಯೊಳಗೆ. ಹೆಮಟೈಟು ನೀರಿಗಿಂತ ಐದು ಪಟ್ಟು ತೂಕ. ಅಕ್ಕಾವರು ಅದರಲ್ಲೇ ದೊಡ್ಡದೊಂದನ್ನು ಆರಿಸಿ, ತೊಳೆದು, ಉಪ್ಪಿನಕಾಯಿ ಭರಣಿಗೆ ಒತ್ತುಗಲ್ಲು ಮಾಡಿಬಿಟ್ಟರು.

ಮಾಸ್ತರರಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದಕ್ಕಿಂತ ಮುಖ್ಯವಾಗಿ ಸುಮ್ಮನಿರಲು ಬರುವುದಿಲ್ಲ. ತಮ್ಮನ ಮಗನಿಗೆ ಕನ್ಯಾ ನೋಡಲು ಕುಷ್ಟಗಿ ಕಡೆ ಹೋಗಿದ್ದರು. ಅವಲಕ್ಕಿ ಆಯಿತು, ಚಹಾ ಆಯಿತು. ಹುಡುಗಿಯ ತಂದೆ ಹೊಸ ಮನೆ ತೋರಿಸುತ್ತ ಅಡಿಗೆಮನೆಗೆ ಕರೆದೊಯ್ದರು.

"ಕಟ್ಟಿಗೆ ಬ್ಲ್ಯಾಕ್ ಗ್ರಾನೈಟ್ ಹಾಕ್ಸೇವ್ರಿ. ಫಸ್ಟ್ ಕ್ವಾಲಿಟಿ."

ಮಾಸ್ತರರು ಆಗಲೇ ಭೂತಗನ್ನಡಿ ತೆಗೆದು ಕಟ್ಟೆಯ ಮೇಲೆ ಬಗ್ಗಿದ್ದರು. "ಇದು ಗ್ರಾನೈಟ್ ಅಲ್ರೀ. ಡಾಲರೈಟ್."

"ಅಂಗಡ್ಯಾಂವ ಗ್ರಾನೈಟ್ ಅಂತ ಬಿಲ್ ಕೊಟ್ಟಾನಲ್ರೀ?"

"ಬಿಲ್ ಗ್ರಾನೈಟಿಂದು ಇರಬಹುದ್ರಿ. ಕಲ್ಲು ಅಲ್ಲ."

ಅಂಗಡಿಯಲ್ಲಿ ಕರೀ ಗ್ರಾನೈಟೆಂದು ಮಾರುವುದು ಬಹುಮಟ್ಟಿಗೆ ಡಾಲರೈಟಿನಂಥ ಕಲ್ಲೇ. ಗ್ರಾನೈಟೆನ್ನಲು ಬೆಣಚುಕಲ್ಲೂ ಫೆಲ್ಡ್‌ಸ್ಪಾರೂ ಸಾಕಷ್ಟಿರಬೇಕು. ಅಂದರೆ ಮಾಸ್ತರರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಅವರು ಬೀಗರನ್ನು ಸಮಾಧಾನ ಮಾಡಲೆಂದು ಹೊಸ್ತಿಲಿಗೆ ಹಾಕಿದ್ದ ಇಳಕಲ್ಲಿನ ಕೆಂಪು ಕಲ್ಲನ್ನು ತೋರಿಸಿ, "ಇದು ನೋಡ್ರಿ, ಖರೇ ಗ್ರಾನೈಟ್! ಇದರ ಕೆಂಪೆಲ್ಲಾ ಫೆಲ್ಡ್‌ಸ್ಪಾರಿಂದು" ಎಂದರು. ಕೈಗೆಟಕುವ ದರದಲ್ಲಿ ಪಕ್ಕದೂರಿಂದ ಬಂದದ್ದು ಖರೇ, ಸಾಲ ಮಾಡಿ ತಂದದ್ದು ಖೊಟ್ಟಿ! ಸಂಬಂಧವೇನೋ ಹೇಗೋ ಕೂಡಿತು. ನಿಶ್ಚಯಕ್ಕೆ ಕರೆದವರ ಯಾದಿಯಲ್ಲಿ ಮಾತ್ರ ಮಾಸ್ತರರ ಹೆಸರಿರಲಿಲ್ಲ.

ಊರಿನವರಿಗೆ ಗ್ರಾನೈಟೂ ಬೇಡ, ಡಾಲರೈಟೂ ಬೇಡ. ಪಕ್ಕದ ಜಿಲ್ಲೆಯಲ್ಲೇ ಹಟ್ಟಿ ಚಿನ್ನದ ಗಣಿ ಇರುವಾಗ ನಮ್ಮ ಹೊಲದಲ್ಲೇಕೆ ಇರಬಾರದು ಎಂಬುದು ಎಲ್ಲರ ನ್ಯಾಯವಾದ ಪ್ರಶ್ನೆ. ಹಟ್ಟಿಯಲ್ಲೂ ಒಂದು ಟನ್ ಅದಿರು ಅರೆದರೆ ಸಿಗುವುದು ಕೆಲವೇ ಗ್ರಾಂ ಎಂದರೆ ಯಾರೂ ನಂಬುವುದಿಲ್ಲ. ಬಾವಿ ತೋಡಿದವರು, ಬೋರು ಕೊರೆಸಿದವರು ಕರ್ಚೀಫಿನಲ್ಲಿ ಗಂಟುಕಟ್ಟಿ ತರುತ್ತಾರೆ. "ಮಾಸ್ತರ್ರ, ಇದರಾಗ ಬಂಗಾರ ಐತೇನ್ರಿ?" ಪದರುಪದರಾಗಿ ಎದ್ದರೆ ಕಾಗೆಬಂಗಾರ, ಅದಕ್ಕೆ ಉಗುರು ಸಾಕು. ಹಳದಿಯಾಗಿ ಥಳಥಳಿಸಿದರೆ ಸುತ್ತಿಗೆ ಬೇಕು. ಚಿನ್ನವಾದರೆ ಪೆಟ್ಟಿಗೆ ಚಪ್ಪಟೆಯಾಗುತ್ತದೆ, ಪೈರೈಟ್ ಆದರೆ ಪುಡಿಯಾಗುತ್ತದೆ. ಈವರೆಗೆ ಬಂದದ್ದೆಲ್ಲ ಪುಡಿಯೇ ಆಗಿದೆ. ಪುಡಿಯನ್ನು ಕರ್ಚೀಫಿಗೆ ಮರಳಿ ಕಟ್ಟಿಕೊಂಡು ಹೋದವನು ಅಗಸಿಯಲ್ಲಿ ನಿಂತು ಏನು ಹೇಳಿಯಾನು? "ನನ್ನ ಬಂಗಾರ ಪುಡಿ ಮಾಡಿದ."

ಅಂಥವರನ್ನು ಸಮಾಧಾನಪಡಿಸಲು ಮಾಸ್ತರರು ಮಸ್ಕಿಯ ಕಥೆ ಹೇಳುತ್ತಾರೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನ ಹುಡುಕುತ್ತ ಮಸ್ಕಿಯ ಬೆಟ್ಟ ಹತ್ತಿದ. ಅವನಿಗೆ ಸಿಕ್ಕಿದ್ದು ಅಶೋಕನ ಶಾಸನ, ಅದೂ ಆ ದೊರೆಯ ಸ್ವಂತ ಹೆಸರಿದ್ದ ಮೊದಲ ಶಾಸನ. ಬಂಗಾರಕ್ಕಿಂತ ದೊಡ್ಡದಲ್ಲವೇ? ಕೇಳಿದವರು ತಲೆಯಾಡಿಸಿ, "ಬಂಗಾರಾನೂ ಸಿಕ್ಕಿರಬೇಕ್ ಬಿಡ್ರಿ, ಹೇಳಿರಲಿಕ್ಕಿಲ್ಲ" ಎಂದು ಎದ್ದು ಹೋಗುತ್ತಾರೆ.

ಬರಬರುತ್ತ ಅದೇ ಮಾತು ಮಾಸ್ತರರ ಕಡೆಗೂ ತಿರುಗಿತು. ಏನೂ ಇಲ್ಲದಿದ್ದರೆ ಈ ಮನುಷ್ಯ ಬಿಸಿಲಲ್ಲಿ ಯಾಕೆ ಸಾಯುತ್ತಾನೆ? ಒಂದು ರಾತ್ರಿ ಅವರ ಪಡಸಾಲೆಯಿಂದ ಒಂದು ಚೀಲ ಮಾಯವಾಯಿತು. ಅದು ಗಂಗಾವತಿ, ಕೊಪ್ಪಳದ ಗುಡ್ಡಗಳ ಮಾದರಿಗಳಿದ್ದ ಚೀಲ. ರಾಮನಗರದ ಕಡೆಯಿಂದ ಹಂಪಿ, ಕೊಪ್ಪಳದ ತನಕ ಹಬ್ಬಿದ ಕ್ಲೋಸ್‌ಪೇಟ್ ಗ್ರಾನೈಟಿನ ತುಣುಕುಗಳು. "ಶೋಲೆಯೊಳಗ ಗಬ್ಬರ್ ಸಿಂಗ್ ನಿಂತ ಕಲ್ಲೂ ನಮ್ಮ ಕಲ್ಲೂ ಅಣ್ತಮ್ಮ" ಎಂದು ಮಾಸ್ತರರು ಬಂದವರಿಗೆಲ್ಲ ತೋರಿಸುತ್ತಿದ್ದದ್ದು ಇದನ್ನೇ. ಹೋದರೆ ಹೋಯಿತು, ಕಸ ಕಡಿಮೆಯಾಯಿತು ಎಂದರು ಅಕ್ಕಾವರು. ಮಾಸ್ತರರು ಕೇಳದೆ ಠಾಣೆಗೆ ಹೋದರು. ಬರೆದುಕೊಳ್ಳಲು ಕೂತಿದ್ದವನು ಹಳೆಯ ಶಿಷ್ಯ.

"ಏನೇನು ಹೋಗೈತ್ರಿ ಸರ?"

"ಕಲ್ಲು. ನಂಬರ್ ಹಚ್ಚಿದ್ದು."

"ಕಿಮ್ಮತ್ತು ಎಷ್ಟಂತ ಬರೀಲ್ರಿ?"

ಮಾಸ್ತರರು ಕಿಮ್ಮತ್ತಿನ ಬಗ್ಗೆ ಅಂದಿನವರೆಗೆ ಯೋಚಿಸಿದವರಲ್ಲ. ತಮಗೆ ಖಚಿತವಾಗಿ ಗೊತ್ತಿದ್ದ ಅಂಕಿಯನ್ನೇ ಹೇಳಿದರು. "250 ಕೋಟಿ ಆಕ್ಕೈತಿ."

ಪೆನ್ನು ನಿಂತಿತು. ಒಳಗಿನ ಕೋಣೆಯಿಂದ ಸಾಹೇಬರೂ ಎದ್ದು ಬಂದು ಕುರ್ಚಿ ಸರಿಸಿದರು.

"ರೂಪಾಯಿನ್ರೀ ಸರ?"

"ವರ್ಷ."