ಗೃಹಗಣಕ ಗ್ರಾಹಕಾಭಿಪ್ರಾಯ ಮೀಮಾಂಸೆ

ಗೃಹಗಣಕವನ್ನು ಕುರಿತ ಗ್ರಾಹಕನ ಅಭಿಪ್ರಾಯ ಕಾಲಭೇದದಿಂದ ಎರಡು ಬಗೆ. ಕೊಳ್ಳುವ ಮುಂಚಿನದು ಪ್ರಾಗಭಿಪ್ರಾಯ, ಕೊಂಡ ಮೇಲಿನದು ಪಶ್ಚಾದಭಿಪ್ರಾಯ. ಮೊದಲನೆಯದನ್ನು ಆಲಿಸಲು ಅಂಗಡಿಯಲ್ಲಿ ಕುರ್ಚಿ, ಎ.ಸಿ., ಒಮ್ಮೊಮ್ಮೆ ಕಾಫಿಯೂ ಉಂಟು. ಎರಡನೆಯದಕ್ಕೆ ಟೋಕನ್ ತೆಗೆದುಕೊಂಡು ಕಾಯಬೇಕು. ಪ್ರಕೃತ ಪ್ರಬಂಧದ ವಿಷಯ ಈ ಎರಡನೆಯದೇ. ಲ್ಯಾಪ್‌ಟಾಪು, ಪ್ರಿಂಟರು, ಸ್ಪೀಕರು, ಸ್ಮಾರ್ಟ್ ಟಿ.ವಿ. ಎಲ್ಲವನ್ನೂ ಇಲ್ಲಿ ಗಣಕವೆಂದೇ ಗ್ರಹಿಸಿದೆ, ಕೆಟ್ಟಾಗ ಎಲ್ಲಕ್ಕೂ ಹೇಳುವ ರೋಗ ಒಂದೇ ಆದ್ದರಿಂದ: “ಬೋರ್ಡ್ ಹೋಗಿದೆ ಸಾರ್.”

ಅಭಿಪ್ರಾಯ ಹುಟ್ಟುವ ಬಗೆಯನ್ನು ವಿವರಿಸಲು ನಮ್ಮ ದಾರ್ಶನಿಕರ ಆರು ಪ್ರಮಾಣಗಳೇ ಸಾಕು. ಅವರು ಅವನ್ನು ಹೊಗೆ, ಬೆಂಕಿ, ಹಗ್ಗ, ಹಾವುಗಳ ಮೇಲೆ ವ್ಯಯಿಸಿದ್ದು ಆಗಿನ್ನೂ ಪ್ರಿಂಟರ್ ಬಂದಿರಲಿಲ್ಲವಾದ್ದರಿಂದ.

ಮೊದಲನೆಯದು ಪ್ರತ್ಯಕ್ಷ. ಷೋರೂಮಿನ ಟಿ.ವಿ.ಯನ್ನು ಬೆಳಕು, ಬಣ್ಣ ಎರಡನ್ನೂ ಗರಿಷ್ಠಕ್ಕೇರಿಸಿ, ಗಿಳಿ ಜಲಪಾತಗಳ ವಿಡಿಯೊ ಹಾಕಿ ನಿಲ್ಲಿಸಿರುತ್ತಾರೆ. ಮನೆಗೆ ಬಂದು ಕೇಬಲ್ ಹಾಕಿದಾಗ ಆ ಗಿಳಿ ಇರುವುದಿಲ್ಲ. ಕಣ್ಣಿಗಿಂತ ಓದು ಮೇಲೆಂದು ಡಬ್ಬದ ಮೇಲಿನ ಅಂಕಿಗಳನ್ನು ನಂಬುವವರೂ ಉಂಟು. ಅವರಿಗಾಗಿಯೇ ಒಂದು ಕಾಲಕ್ಕೆ ಕಂಪ್ಯೂಟರ್ ಸ್ಪೀಕರುಗಳ ಮೇಲೆ ಪಿ.ಎಂ.ಪಿ.ಒ. ಎಂಬ ಬೀಜಾಕ್ಷರವನ್ನೂ ಅದರ ಪಕ್ಕ ಸಾವಿರಗಟ್ಟಲೆ ವ್ಯಾಟ್‌ಗಳನ್ನೂ ಅಚ್ಚು ಹಾಕುತ್ತಿದ್ದರು. ಈ ಅಳತೆಗೆ ಸರ್ವಸಮ್ಮತವಾದ ಮಾನದಂಡವೇ ಇಲ್ಲ, ಬರೆದವನದ್ದೇ ಲೆಕ್ಕ. 2000 ವ್ಯಾಟ್ ಎಂದರೆ ಬಚ್ಚಲಿನ ಗೀಸರ್ ಎಳೆಯುವಷ್ಟು ಕರೆಂಟು. ಸ್ಪೀಕರ್ ಅಷ್ಟನ್ನು ನಿಜಕ್ಕೂ ಎಳೆದಿದ್ದರೆ ಅದರ ದಾರದಂಥ ವೈರು ಸುಪ್ರಭಾತ ಮುಗಿಯುವುದರೊಳಗೆ ಕರಗಿರುತ್ತಿತ್ತು.

ಅನುಮಾನವನ್ನು ಕುರಿತು ಹೆಚ್ಚು ಹೇಳಬೇಕಿಲ್ಲ. ಬೆಟ್ಟದ ಮೇಲೆ ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ. ಗಣಕದಲ್ಲಿ ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ವಾರಂಟಿ ಮುಗಿದಿರುತ್ತದೆ. ಉಪಮಾನ ಒದಗುವುದು ನೆಂಟರಿಂದ. ಸಾಫ್ಟ್‌ವೇರಿನಲ್ಲಿರುವ ಹುಡುಗ “ನಂದೂ ಇದೇ ಮಾಡೆಲ್ಲು ಅತ್ತೆ, ಏನೂ ಪ್ರಾಬ್ಲಮ್ ಇಲ್ವಲ್ಲ” ಅನ್ನುತ್ತಾನೆ. ಅವನದು ಆಫೀಸಿನವರು ಕೊಟ್ಟದ್ದು, ಕೆಟ್ಟರೆ ಅವರೇ ಬದಲಿಸುತ್ತಾರೆ ಎಂಬುದು ಉಪಮಾನದಲ್ಲಿ ಅಡಕವಾಗಿರುವುದಿಲ್ಲ.

ನಾಲ್ಕನೆಯ ಶಬ್ದಪ್ರಮಾಣದಲ್ಲಿ ಮೌಖಿಕ, ಲಿಖಿತ ಎಂದು ಎರಡು ಶಾಖೆ. “ಕಣ್ಮುಚ್ಕೊಂಡು ತಗೊಂಡೋಗಿ ಸಾರ್” ಎಂಬುದು ಮೌಖಿಕ. ಲಿಖಿತವೆಂದರೆ ಲೈಸೆನ್ಸ್ ಒಪ್ಪಂದ. ಇದು ಅಪೌರುಷೇಯ, ಬರೆದವರು ಯಾರೆಂದು ತಿಳಿಯದು, ಅರ್ಥ ಕೇಳುವಂತಿಲ್ಲ, ಪಾರಾಯಣವೂ ಬೇಡ, ‘ಒಪ್ಪಿದ್ದೇನೆ’ ಒತ್ತಿದರೆ ಫಲಪ್ರಾಪ್ತಿ. ಆ ಫಲ ಏನೆಂಬುದು 2009ರ ಜುಲೈನಲ್ಲಿ ಅಮೆರಿಕದ ಓದುಗರಿಗೆ ತಿಳಿಯಿತು. ಮಾರಿದವರಿಗೆ ಹಕ್ಕಿರಲಿಲ್ಲವೆಂದು ಅಮೆಜಾನ್ ಕಂಪನಿಯು, ಜನ ದುಡ್ಡು ಕೊಟ್ಟು ಕಿಂಡಲಿಗೆ ಇಳಿಸಿಕೊಂಡಿದ್ದ ಜಾರ್ಜ್ ಆರ್ವೆಲ್‌ನ ‘1984’ನ್ನು ದೂರದಿಂದಲೇ ಅಳಿಸಿಹಾಕಿತು. ದುಡ್ಡು ವಾಪಸ್ ಬಂತು. ಆಮೇಲೆ ಕಂಪನಿ ಕ್ಷಮೆಯನ್ನೂ ಕೇಳಿತು. ಕಾಗದದ ಪುಸ್ತಕ ಮಾರಿದ ಅಂಗಡಿಯವನು ರಾತ್ರಿ ಮನೆಗೆ ನುಗ್ಗಿ ಕಪಾಟಿನಿಂದ ಅದನ್ನು ಎತ್ತಿಕೊಂಡು ಹೋಗಿದ್ದರೆ ಕ್ಷಮೆಗೆ ಮುಂಚೆ ಎಫ್‌ಐಆರ್ ಆಗುತ್ತಿತ್ತು.

ಅನುಪಲಬ್ಧಿ ಎಂದರೆ ಇಲ್ಲದ್ದನ್ನು ಇಲ್ಲವೆಂದು ಅರಿಯುವುದು. ಡಬ್ಬದ ಮೇಲೆ 500 ಜಿ.ಬಿ. ಎಂದಿರುವ ಹಾರ್ಡ್ ಡಿಸ್ಕನ್ನು ಸಿಕ್ಕಿಸಿದರೆ ವಿಂಡೋಸ್ ತೋರಿಸುವುದು 465. ತಯಾರಕರ ಜಿ.ಬಿ.ಗೆ ನೂರು ಕೋಟಿ ಬೈಟು, ವಿಂಡೋಸಿನ ಜಿ.ಬಿ.ಗೆ 107,37,41,824. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರ ಸತ್ಯಗಳ ನಡುವೆ 35 ಜಿ.ಬಿ. ಕಾಣೆಯಾಗಿದೆ, ಅಷ್ಟೆ. ಒಂದು ಟಿ.ಬಿ. ಕೊಂಡವನು ಇನ್ನೂ ಭಾಗ್ಯವಂತ. ಅವನಿಗೆ ಕಾಣುವುದು 931.

ಆರನೆಯದಾದ ಅರ್ಥಾಪತ್ತಿಗೆ ಶಾಸ್ತ್ರಗಳಲ್ಲಿ ದೇವದತ್ತನ ದೃಷ್ಟಾಂತವಿದೆ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಿರಲೇಬೇಕು. ತಿಂಗಳಿಗೆ ಒಂದೆರಡು ಆಧಾರ್ ಪ್ರತಿ ಮಾತ್ರ ಮುದ್ರಿಸುವ ಇಂಕ್‌ಜೆಟ್ ಪ್ರಿಂಟರಿನ ಶಾಯಿ ಖಾಲಿಯಾಗಿದೆಯೆಂದರೆ ಅದೂ ಕದ್ದು ಕುಡಿಯುತ್ತಿರಬೇಕು. ಕುಡಿಯುತ್ತದೆ ಕೂಡ. ಆಗಾಗ ಕುಂಯ್‌ಗುಟ್ಟುತ್ತ ಮೂತಿ ತೊಳೆದುಕೊಂಡು ಒಳಗಿನ ಮೆತ್ತೆಗೆ ಶಾಯಿ ಉಗುಳುವುದು ಅದರ ನಿತ್ಯಕರ್ಮ. ಕೆಲವು ಮಾದರಿಗಳಲ್ಲಿ ಆ ಮೆತ್ತೆ ತುಂಬಿತೆಂದು ಒಳಗಿನ ಲೆಕ್ಕ ಹೇಳಿದ ದಿನ ಪ್ರಿಂಟರೇ ಸ್ತಬ್ಧ.

ಮುಂದಿನದು ಸಂಧಿಪ್ರಕರಣ. ಸಿ.ಡಿ. ಡ್ರೈವ್, ಹೆಡ್‌ಫೋನಿನ ತೂತು, ಲ್ಯಾನ್ ಕಿಂಡಿ ಇತ್ಯಾದಿಗಳು ಹೊಸ ಮಾದರಿಯಲ್ಲಿ ಬಿಟ್ಟುಹೋಗುವುದು ಲೋಪಸಂಧಿ. ಬಿಟ್ಟುಹೋದದ್ದಕ್ಕಾಗಿ ಡಾಂಗಲ್ ಎಂಬ ಬಾಲವೊಂದನ್ನು ಪ್ರತ್ಯೇಕ ದುಡ್ಡು ಕೊಟ್ಟು ತರುವುದು ಆಗಮಸಂಧಿ. ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುವುದು ಆದೇಶಸಂಧಿ: 2008ರಲ್ಲಿ ಯು.ಎಸ್.ಬಿ. 3.0 ಎನಿಸಿಕೊಂಡದ್ದು ಮುಂದೆ 3.1 ಜೆನ್ 1 ಆಯಿತು, ಅದೇ ಮತ್ತೆ 3.2 ಜೆನ್ 1 ಆಯಿತು, ವೇಗ ಮಾತ್ರ ಅದೇ 5 ಗಿಗಾಬಿಟ್. ಏನೂ ಬದಲಾಗದೆ ಇದ್ದಂತೆಯೇ ಉಳಿಯುವ ಪ್ರಕೃತಿಭಾವಕ್ಕೆ ಈ ಕ್ಷೇತ್ರದಲ್ಲಿ ಉದಾಹರಣೆ ದೊರೆತಿಲ್ಲ. ಸಮಾಸಪ್ರಕರಣವನ್ನು ವಿಸ್ತರಭಯದಿಂದ ಕೈಬಿಡಲಾಗಿದೆ. ಭಯ ವಿಸ್ತರದ್ದಲ್ಲ, ಇಷ್ಟು ವರ್ಗೀಕರಿಸಿದರೆ ಮೋಸಕ್ಕೂ ಒಂದು ಮರ್ಯಾದೆ ಬಂದುಬಿಡುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಎಳ್ಳುನೀರು ಬಿಟ್ಟಿತು. ಮುಂದಿನದನ್ನು ಹಾಕಿಕೊಳ್ಳಲು ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್ಪು ಬೇಕು, ತೀರ ಹಳೆಯದಲ್ಲದ ಪ್ರೊಸೆಸರ್ ಬೇಕು. ಹಿಂದಿನ ದಿನದವರೆಗೆ ಮಗಳ ಪಾಠಕ್ಕೂ ಅಪ್ಪನ ಪಿಂಚಣಿ ಪತ್ರಕ್ಕೂ ಒದಗುತ್ತಿದ್ದ ಯಂತ್ರ ಅಂದಿನಿಂದ ಅನರ್ಹ. ಅದರಲ್ಲಿ ಏನು ಕೆಟ್ಟಿದೆ? ಏನೂ ಇಲ್ಲ. ನಿಜವಾಗಿ ಕೆಟ್ಟರೆ ಇನ್ನೊಂದು ಪಾಡು. ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿ, ಬ್ಯಾಟರಿಯನ್ನು ಅಂಟಿನಿಂದ ಮೆತ್ತಿ, ಮೇಲೆ ವಿಚಿತ್ರ ತಲೆಯ ಸ್ಕ್ರೂ ಬಿಗಿದವರೇ ಸರ್ವಿಸ್ ಸೆಂಟರಿನಲ್ಲಿ ಕೂತು, ಹೊಸದರ ಅರ್ಧ ಬೆಲೆಯ ಎಸ್ಟಿಮೇಟ್ ಕೈಗಿಡುತ್ತಾರೆ. ಅಂಥದೇ ಬೋರ್ಡನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ‘ಚಿಪ್ ಲೆವೆಲ್ ಸರ್ವಿಸ್’ ಎಂದು ಫಲಕ ಹಾಕಿದ ಗೂಡಂಗಡಿಯ ಹುಡುಗ ಸೂಕ್ಷ್ಮದರ್ಶಕದ ಕೆಳಗಿಟ್ಟು, ಬಿಸಿಗಾಳಿ ಊದಿ, ಸಾಸಿವೆಯಷ್ಟು ಗಾತ್ರದ ಕೆಪಾಸಿಟರೊಂದನ್ನು ಬದಲಿಸಿ ಎಬ್ಬಿಸಿ ಕೂರಿಸುವುದುಂಟು. ವಿದ್ಯೆ ಇದೆ, ಬೇಕೆಂದೇ ಅದಕ್ಕೆ ಬಾಗಿಲು ಹಾಕಿದ್ದಾರೆ. ಇದನ್ನು ಪ್ರಗತಿ ಎನ್ನುವವರ ಮುಖ ನೋಡಬೇಕು.

ಯಂತ್ರ ಹೋದರೆ ಹೋಗಲಿ, ಇನ್ನೊಂದು ಬರುತ್ತದೆ. ಒಳಗಿದ್ದದ್ದು ಬರುವುದಿಲ್ಲ. ಮದುವೆಯ ವಿ.ಎಚ್.ಎಸ್. ಕ್ಯಾಸೆಟ್ಟಿಗೆ ಮಲೆನಾಡಿನ ಮಳೆಗಾಲದಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ. ಅದನ್ನು ಒರೆಸಿ ಹಾಕೋಣವೆಂದರೆ ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ಕೈಚೆಲ್ಲಿತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಡಿ.ಟಿ.ಪಿ. ಮನೆಗಳಲ್ಲಿ ಹತ್ತಾರು ವರ್ಷ ನಡೆದದ್ದು ಬೇರೆ ಬೇರೆ ಫಾಂಟುಗಳ ಪಾಳೇಗಾರಿಕೆ. ಆಗ ಟೈಪು ಮಾಡಿಸಿಟ್ಟ ಊರಿನ ಇತಿಹಾಸ, ಅಜ್ಜಿ ಹೇಳಿ ಬರೆಸಿದ ಸೋಬಾನೆ ಹಾಡು, ಅಚ್ಚಾಗದೆ ಉಳಿದ ಕಾದಂಬರಿ ಈಗ ತೆರೆದರೆ ತಲೆಯ ಮೇಲೆ ಚುಕ್ಕಿ, ಕೊಂಬು ಹೊತ್ತ ರೋಮನ್ ಅಕ್ಷರಗಳ ಸಂತೆ. ಪರಿವರ್ತಕ ತಂತ್ರಾಂಶಗಳಿವೆ, ಆದರೆ ಅದು ಕನ್ನಡವೆಂದು ಗುರುತಿಸುವವರು ಮನೆಯಲ್ಲಿ ಉಳಿದಿರಬೇಕಲ್ಲ. ಎಷ್ಟೋ ಮನೆಗಳಲ್ಲಿ ಅವನ್ನು ವೈರಸ್ಸೆಂದು ತಿಳಿದು ಅಳಿಸಿದ್ದಾರೆ. ಜೋಪಾನ ಮಾಡಿದ ತಾಳೆಗರಿ ನೂರಾರು ವರ್ಷ ಬಾಳುತ್ತಿತ್ತು.

ಉಳಿದದ್ದು ಪರಿಹಾರ. ವಾರಂಟಿ ಕಾರ್ಡಿನ ಅಡಿಯಲ್ಲಿ, ವ್ಯಾಜ್ಯವೆದ್ದರೆ ದೂರದ ಯಾವುದೋ ನಗರದ ನ್ಯಾಯಾಲಯಕ್ಕೆ ಮಾತ್ರ ಅಧಿಕಾರವೆಂದು ಇರುವೆಗಾತ್ರದ ಅಕ್ಷರಗಳಲ್ಲಿ ಬರೆದಿರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಇಲ್ಲವೇ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗೆ ಕೊಟ್ಟು ಕೊಂಡ ಸರಕಾದರೆ ಶುಲ್ಕವೂ ಇಲ್ಲ. ದೂರಿಗೆ ಬಿಲ್ಲು ಲಗತ್ತಿಸಬೇಕು. ಬಿಲ್ಲು ಥರ್ಮಲ್ ಕಾಗದದ್ದಾದರೆ ಅಕ್ಷರ ಬೇಗ ಮಾಸುತ್ತದೆ. ಕೊಂಡ ದಿನವೇ ಎರಡು ಜೆರಾಕ್ಸ್ ಮಾಡಿಸಿಡುವುದು.