ಕಡ್ಡಾಯ ಕಾಲಂಗಳ ಕಾಲ

ಬೆಂಗಳೂರಿನ ಯಾವ ಟೆಕ್ ಪಾರ್ಕಿಗೆ ಬೇಕಾದರೂ ಹೋಗಿ. ಜಿರಾ ಎಂಬ, ಕೆಲಸ ದಾಖಲಿಸುವ ಸಾಫ್ಟ್‌ವೇರಿಗೆ ಬೈಯುವವರು ಲಿಫ್ಟಿನಲ್ಲೇ ಸಿಗುತ್ತಾರೆ. ಅದು ಬೇಕೇ ಬೇಕು ಎಂದು ಹಟ ಹಿಡಿದು ತರಿಸಿಕೊಂಡ ಡೆವಲಪರ್ ಒಬ್ಬನನ್ನು ತೋರಿಸಿ ನೋಡೋಣ.

ಆದರೂ ಮಾರಾಟ ಭರ್ಜರಿ. ಕೊಳ್ಳುವವರು ಬಳಸುವುದಿಲ್ಲ. ಬಳಸುವವರನ್ನು ಯಾರೂ ಕೇಳುವುದಿಲ್ಲ. ಅಪ್ಲಿಕೇಶನ್ ಲೈಫ್‌ಸೈಕಲ್ ಮ್ಯಾನೇಜ್‌ಮೆಂಟ್, ಚಿಕ್ಕದಾಗಿ ಎಎಲ್‌ಎಂ ಎಂಬ ಮಾರುಕಟ್ಟೆ ನಿಂತಿರುವುದೇ ಇದರ ಮೇಲೆ.

ಗ್ರಾಹಕನ ಬೇಡಿಕೆಯಿಂದ ಹಿಡಿದು ಕೋಡ್, ಟೆಸ್ಟಿಂಗ್, ಬಗ್, ರಿಲೀಸ್ ತನಕ ಎಲ್ಲವನ್ನೂ ದಾಖಲಿಸುವ ಸಾಫ್ಟ್‌ವೇರ್ ಇದು. ತಲೆಗಿಷ್ಟು ಎಂದು ಬಾಡಿಗೆ. ಡೆಮೊ ನಡೆಯುವುದು ಮೇಲಿನ ಮಹಡಿಯಲ್ಲಿ. ಅಲ್ಲಿ ತೋರಿಸುವುದು ಡ್ಯಾಶ್‌ಬೋರ್ಡ್. ಬಣ್ಣಬಣ್ಣದ ಚಾರ್ಟು, ಚೆಂದಕ್ಕೆ ಇಳಿಯುವ ಗೆರೆ. ಫಾರಂ ತೋರಿಸುವುದಿಲ್ಲ. ಫಾರಂ ಏನಿದ್ದರೂ ಕೆಳಗಿನ ಮಹಡಿಗೆ.

ಇದೇ ಕೆಲಸಕ್ಕೆ ಪುಕ್ಕಟೆ ಸಿಗುವ ಬಗ್‌ಜಿಲ್ಲಾ ಇದೆ, ರೆಡ್‌ಮೈನ್ ಇದೆ. ಪುಕ್ಕಟೆ ಮಾಲಿಗೆ ಡೆಮೊ ಕೊಡಲು ಕೋಟು ಹಾಕಿದವರು ಬರುವುದಿಲ್ಲವಲ್ಲ.

ಆ ಫಾರಂ ಒಮ್ಮೆ ನೋಡಬೇಕು. ಬಟನ್ ಮೇಲೊಂದು ಅಕ್ಷರ ತಪ್ಪಿದೆ ಅನ್ನಿ. ತಿದ್ದಲು ಅರೆ ನಿಮಿಷ ಸಾಕು. ಆದರೆ ಮೊದಲು ಟಿಕೆಟ್, ಅಂದರೆ ಕೆಲಸದ ದಾಖಲೆ, ತೆರೆಯಬೇಕು. ಟಿಕೆಟ್ಟಿಗೆ ಸಿವಿಯಾರಿಟಿ ಬೇಕು, ಪ್ರಯಾರಿಟಿಯೂ ಬೇಕು. ಎರಡಕ್ಕೂ ಏನು ವ್ಯತ್ಯಾಸ ಎಂದು ಮ್ಯಾನೇಜರನ್ನು ಕೇಳಬೇಡಿ, ಪಾಪ. ಆಮೇಲೆ ಸ್ಟೋರಿ ಪಾಯಿಂಟ್, ಸ್ಪ್ರಿಂಟ್, ಫಿಕ್ಸ್ ವರ್ಷನ್. ಕೊನೆಗೆ ಕೆಂಪು ನಕ್ಷತ್ರ ಹೊತ್ತ 'ರೂಟ್ ಕಾಸ್', ಅಂದರೆ ತಪ್ಪಿನ ಮೂಲ ಕಾರಣ. ತುಂಬದಿದ್ದರೆ ಟಿಕೆಟ್ ಮುಚ್ಚುವುದಿಲ್ಲ. ಸ್ಪ್ರಿಂಟ್ ಎಂಬ ಕೆಲಸದ ಕಂತು ಮುಗಿಯುವ ಶುಕ್ರವಾರ ಸಂಜೆ, ಕ್ಯಾಬ್ ಹೊರಡುವ ಹೊತ್ತು. ಡೆವಲಪರ್ ಅಲ್ಲೊಂದು ಚುಕ್ಕಿ ಇಡುತ್ತಾನೆ. ಬರೀ ಚುಕ್ಕಿ. ಸಿಸ್ಟಂಗೆ ತೃಪ್ತಿ. ಪಟ್ಟಿಯಿಂದ ಆರಿಸಿ ಎಂದರೆ 'ಅದರ್ಸ್'. ತಿಂಗಳ ಕೊನೆಗೆ ಈ 'ಅದರ್ಸ್'ಗಳದ್ದೇ ಒಂದು ಪೈ ಚಾರ್ಟ್ ಮೇಲಿನ ಮಹಡಿಯಲ್ಲಿ ಮೂಡುತ್ತದೆ. ಅದರ ಬಗ್ಗೆ ಮೀಟಿಂಗ್. ಮೀಟಿಂಗಿನ ಫಲ, ಇನ್ನೆರಡು ಕಡ್ಡಾಯ ಕಾಲಂ.

ಇದೆಲ್ಲ ಅಜೈಲ್ ಎಂಬ ಕೆಲಸದ ಪದ್ಧತಿಯ ಹೆಸರಿನಲ್ಲಿ! 2001ರಲ್ಲಿ ಅಮೆರಿಕದ ಯೂಟಾದ ಸ್ನೋಬರ್ಡ್‌ನಲ್ಲಿ 17 ಮಂದಿ ಕೂತು ಅಜೈಲ್ ಪ್ರಣಾಳಿಕೆ ಬರೆದರು. ಸಲಕರಣೆಗಿಂತ ಮನುಷ್ಯರು ಮುಖ್ಯ ಎಂಬುದೇ ಅದರ ಮೊದಲ ಮಾತು. ಮಾರುವವರು ಮನುಷ್ಯರನ್ನು ಮರೆತಿಲ್ಲ. ತಲೆ ಎಣಿಸಿಯೇ ಬಿಲ್ ಹಾಕುತ್ತಾರೆ.

ಊರವರ ಸಾಫ್ಟ್‌ವೇರಿನ ಹುಟ್ಟುಸಾವು ನೋಡಿಕೊಳ್ಳುತ್ತೇವೆ ಎನ್ನುವ ಇವರ ಸ್ವಂತ ಸಂಸಾರ ಹೇಗಿದೆ? ಕ್ವಾಲಿಟಿ ಸೆಂಟರ್ ಎಂಬ ಟೆಸ್ಟಿಂಗ್ ಸಾಫ್ಟ್‌ವೇರ್ ಮರ್ಕ್ಯುರಿ ಇಂಟರಾಕ್ಟಿವ್‌ನದಾಗಿತ್ತು. 2006ರಲ್ಲಿ ಎಚ್‌ಪಿ ಸುಮಾರು 450 ಕೋಟಿ ಡಾಲರ್ ಸುರಿದು ಮರ್ಕ್ಯುರಿಯನ್ನೇ ಕೊಂಡಿತು. 2015ರಲ್ಲಿ ಎಚ್‌ಪಿಯೇ ಎರಡು ಪಾಲಾಯಿತು. 2017ರಲ್ಲಿ ಕ್ವಾಲಿಟಿ ಸೆಂಟರ್ ಮೈಕ್ರೊ ಫೋಕಸ್ ಪಾಲು. 2023ರಲ್ಲಿ ಓಪನ್‌ಟೆಕ್ಸ್ಟ್ ಪಾಲು. ಬೋರ್ಡು ಬದಲಾಯಿತು, ಲೋಗೊ ಬದಲಾಯಿತು, ಬಿಲ್ಲಿನ ಮೇಲಿನ ವಿಳಾಸ ಬದಲಾಯಿತು. ಟೆಸ್ಟರ್ ಮಾತ್ರ ಅದೇ ಕುರ್ಚಿಯಲ್ಲಿ 'ಸ್ಟೆಪ್ 1', 'ಸ್ಟೆಪ್ 2' ಎಂದು ಟೈಪ್ ಮಾಡುತ್ತಲೇ ಇದ್ದಾನೆ.

ಮೈಕ್ರೋಸಾಫ್ಟ್ ಮಾರುವುದಿಲ್ಲ, ತನ್ನ ಎಎಲ್‌ಎಂ ಸಾಫ್ಟ್‌ವೇರಿಗೆ ಮತ್ತೆ ಮತ್ತೆ ನಾಮಕರಣ ಮಾಡುತ್ತದೆ. ವಿಷುವಲ್ ಸ್ಟುಡಿಯೊ ಆನ್‌ಲೈನ್ ಹೋಗಿ ಟೀಮ್ ಸರ್ವಿಸಸ್ ಬಂತು, ಅದೂ ಹೋಗಿ 2018ರಲ್ಲಿ ಅಜೂರ್ ಡೆವ್‌ಆಪ್ಸ್. ಅದೇ ವರ್ಷ ಇಂಥದ್ದೇ ಕೆಲಸದ ಗಿಟ್‌ಹಬ್ ಕೊಂಡು ಡೆವ್‌ಆಪ್ಸ್‌ಗೆ ಮನೆಯೊಳಗೇ ಸವತಿಯನ್ನೂ ತಂದಿತು.

ಜಿರಾ ಮಾರುವ ಸಿಡ್ನಿಯ ಅಟ್ಲಾಸಿಯನ್ ಇನ್ನೂ ಜಾಣ. ಗ್ರಾಹಕರು ತಮ್ಮದೇ ಸರ್ವರಿನಲ್ಲಿ ಇಟ್ಟುಕೊಂಡಿದ್ದ 'ಸರ್ವರ್' ಆವೃತ್ತಿಗೆ 2024ರ ಫೆಬ್ರವರಿಯಲ್ಲಿ ಬೆಂಬಲ ನಿಲ್ಲಿಸಿತು. ಎಲ್ಲರೂ ಕ್ಲೌಡಿಗೆ ಬನ್ನಿ ಎಂಬ ಒತ್ತಾಯ. ಕ್ಲೌಡ್ ಎಷ್ಟು ಭದ್ರ ಎಂಬುದು 2022ರ ಏಪ್ರಿಲ್‌ನಲ್ಲೇ ಬಯಲಾಗಿತ್ತು. ಹಳೆಯ ಆಪ್ ಒಂದನ್ನು ತೆಗೆಯಲು ಓಡಿಸಿದ ಸ್ಕ್ರಿಪ್ಟ್, ತಪ್ಪು ಐಡಿ ಹಿಡಿದು, 775 ಗ್ರಾಹಕರ ಸೈಟುಗಳನ್ನೇ ಅಳಿಸಿಹಾಕಿತು. ಕೆಲವರಿಗೆ ಎರಡು ವಾರ ಕತ್ತಲು. ಇಂಥ ಅವಾಂತರವಾದಾಗ ಗ್ರಾಹಕರಿಗೆ ಸುದ್ದಿ ಮುಟ್ಟಿಸಲೆಂದೇ ಸ್ಟೇಟಸ್‌ಪೇಜ್ ಎಂಬ ಸಾಫ್ಟ್‌ವೇರನ್ನೂ ಇದೇ ಕಂಪನಿ ಮಾರುತ್ತದೆ, ಗೊತ್ತಿರಲಿ.

ಸೈಟ್ ಕಳೆದುಕೊಂಡವರು ದೂರು ಕೊಡಲು ಹೋದರು. ಸಹಾಯ ಕೇಂದ್ರದ ಫಾರಂ ನಿಮ್ಮ ಸೈಟಿನ ವಿಳಾಸ ಹಾಕಿ ಎಂದಿತು. ಸೈಟೇ ಇಲ್ಲ, ಇನ್ನು ವಿಳಾಸ ಎಲ್ಲಿಂದ ಬರಬೇಕು? ವಿಳಾಸ ಸರಿಯಿಲ್ಲ ಎಂದ ಮೇಲೆ ಟಿಕೆಟ್ಟೂ ಇಲ್ಲ.